ಇಬ್ಬರ ಒಪ್ಪಿಗೆ

ಆ ರಾತ್ರಿ ನನ್ನ ದೊಡ್ಡಪ್ಪನ ಮಗ, ಸತ್ತುಹೋದ ಗೆಳೆಯನ ಲ್ಯಾಪ್‌ಟಾಪನ್ನು ಬೆನ್ನಿನ ಚೀಲಕ್ಕೆ ಹಾಕಿಕೊಂಡು, ಹಾಳುಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಬರುತ್ತಿದ್ದ. ಬಾವಿ ದಾಟಿದ್ದಾನೆ... ಬೆನ್ನಿಗೇ ಸದ್ದು. ಸುಯ್ಯ್... ಸುಯ್ಯ್... ಚೀಲದೊಳಗೆ ಲ್ಯಾಪ್‌ಟಾಪಿನ ಫ್ಯಾನು ತಿರುಗುತ್ತಿತ್ತು. ಅದರಲ್ಲಿ ಬ್ಯಾಟರಿಯೇ ಇರಲಿಲ್ಲ. ಕೆಟ್ಟಿತೆಂದು ಗೆಳೆಯನ ತಾಯಿ ತೆಗೆಸಿದ್ದರು.

ಆ ಗೆಳೆಯನನ್ನು ನಾವೆಲ್ಲ ‘ಗೂಬೆ’ ಎನ್ನುತ್ತಿದ್ದೆವು, ಕೆಲಸವೆಲ್ಲ ರಾತ್ರಿಯೇ. ಫೈಲುಗಳನ್ನು ನಕಲು ಮಾಡಿ ಕಾಪಾಡುವ ತಂತ್ರಾಂಶವೊಂದನ್ನು ಅವನೂ ನನ್ನ ಈ ಅಣ್ಣನೂ ಬರೆದು, ಕೋಡ್ ಸಮೇತ ಜಗತ್ತಿಗೆ ಪುಕ್ಕಟೆ ಕೊಟ್ಟಿದ್ದರು. ದೊಡ್ಡ ಕಂಪನಿಗಳೂ ನಾಚಿಕೆಯಿಲ್ಲದೆ ಬಳಸಿದವು. ಗೂಬೆ ಸತ್ತ ವಾರ ಅವುಗಳಿಂದ ಬಂದದ್ದು ಒಂದೇ ಪ್ರಶ್ನೆ: ಹೊಸ ಆವೃತ್ತಿ ಯಾವಾಗ?

ಅವರಿಬ್ಬರ ನಿಯಮ ಕಟ್ಟುನಿಟ್ಟು. ಒಬ್ಬ ಬರೆದದ್ದನ್ನು ಇನ್ನೊಬ್ಬ ಓದಿ ಒಪ್ಪದೆ ಒಂದು ಸಾಲೂ ಒಳಗೆ ಹೋಗದು. ನಿಯಮ ಬದಲಿಸುವುದಕ್ಕೂ ಇಬ್ಬರ ಒಪ್ಪಿಗೆ ಬೇಕು. ಈಗ ತಂತ್ರಾಂಶದಲ್ಲಿ ತೂತೊಂದು ಸಿಕ್ಕಿತ್ತು. ಕಿಡಿಗೇಡಿಗಳು ಅದರೊಳಗೆ ನುಗ್ಗಿ ಜನರ ಫೈಲುಗಳನ್ನು ಅಳಿಸುತ್ತಿದ್ದರು. ತೂತು ಮುಚ್ಚುವ ಪ್ಯಾಚನ್ನು ಅಣ್ಣ ಬರೆದಿದ್ದ. ಒಪ್ಪುವವನಿರಲಿಲ್ಲ. ಗೂಬೆಯ ಲ್ಯಾಪ್‌ಟಾಪಿನಿಂದ, ಗೂಬೆಯ ಹೆಸರಿನಲ್ಲಿ, ತಾನೇ ಒಪ್ಪಿಬಿಡುವುದು... ಅದಕ್ಕಾಗಿಯೇ ಅದನ್ನು ತಂದಿದ್ದ.

ನಾನು ಅವನ ಕೋಣೆಯಲ್ಲಿ ಕಾಯುತ್ತಿದ್ದೆ.

“ಫ್ಯಾನಿನ ಸದ್ದು ಕೇಳ್ತಿದೆಯೇನೋ?” ಎಂದು ಅಣ್ಣ ಒಳಬಂದವನೇ ಪಿಸುಗುಟ್ಟಿದ.

“ಇಲ್ಲ. ಹೆದರಿಕೆ ಆದ್ರೆ ಬೆಳಿಗ್ಗೆ ಮಾಡಣ್ಣ.”

“ಅಷ್ಟರಲ್ಲಿ ಇನ್ನೆಷ್ಟು ಜನರದ್ದು ಹೋಗುತ್ತೋ.”

ಚೀಲದ ಜಿಪ್ಪಿಗೆ ಕೈ ಹಾಕಿದ. ಅಷ್ಟೇ... ಮೇಜಿನ ಮೇಲಿದ್ದ ಅವನದೇ ಕಂಪ್ಯೂಟರ್ ‘ಟಿಣ್’ ಎಂದಿತು. ಪ್ಯಾಚಿನ ಕೆಳಗೆ, ಗೂಬೆಯ ಹೆಸರಿನಲ್ಲಿ, ಉತ್ತರ ಬಂದಿತ್ತು.

“ಒಪ್ಪಲ್ಲ. ಕೊನೇ ಸಾಲು ನೋಡೋ, ಕತ್ತೆ.”

“ಯಾರೋ ಅವನ ಪಾಸ್‌ವರ್ಡ್ ಕದ್ದಿದಾರೆ,” ಎಂದೆ.

“ಕದ್ದವನು ನನ್ನ ತಪ್ಪು ಯಾಕೋ ತಿದ್ದುತಾನೆ?”

ಅಣ್ಣ ಕೊನೆಯ ಸಾಲು ನೋಡಿದ. ನಕಲು ಮುಗಿಯುವ ಮೊದಲೇ ಆ ಸಾಲು ಮೂಲ ಫೈಲನ್ನು ಅಳಿಸುತ್ತಿತ್ತು. ಗೂಬೆಯ ಹೆಸರಿನಲ್ಲಿ ಒಪ್ಪಿದ್ದರೆ, ಕಿಡಿಗೇಡಿಗಳು ಉಳಿಸಿದ್ದನ್ನು ಅಣ್ಣನೇ ಮುಗಿಸುತ್ತಿದ್ದ. ತಿದ್ದಿದ. ಕಳಿಸಿದ. ಕಾದೆವು...

ಟಿಣ್.

“ಈಗ ಸರಿ. ಒಪ್ಪಿದೆ.”

ಪ್ಯಾಚ್ ಒಳಗೆ ಹೋಯಿತು. ಲ್ಯಾಪ್‌ಟಾಪು ಚೀಲದಿಂದ ಹೊರಗೇ ಬರಲಿಲ್ಲ.

ಬೆಳಗಾಗುತ್ತಲೇ ಅದನ್ನು ಹಿಂದಿರುಗಿಸಲು ಇಬ್ಬರೂ ಹೋದೆವು. ಗೂಬೆಯ ತಾಯಿ ಬಾಗಿಲು ತೆರೆದರು. ಅಣ್ಣ ಬಾಯಿ ತೆರೆಯುವಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟರು.

“ಮೆಲ್ಲಗೆ ಮಾತಾಡಪ್ಪ. ರಾತ್ರಿಯೆಲ್ಲ ಕೀಬೋರ್ಡ್ ಕುಟ್ಟಿ, ನಿನ್ನನ್ನ ಬೈದು... ಈಗ ತಾನೇ ಮಲಗಿದಾನೆ.”

ಮಗ ಸತ್ತ ದುಃಖ, ತಲೆ ಕೆಟ್ಟಿದೆ ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಹೇಳಿಕೊಳ್ಳುತ್ತಿದ್ದೆ. ಆದರೆ ಗೂಬೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಒಳಗೆ ನೋಡಿದವನು ನಾನು. ಮಂಚದ ಮೇಲೆ ಯಾರೂ ಇರಲಿಲ್ಲ. ದಿಂಬು ಮಾತ್ರ ಒಂದು ತಲೆಯಷ್ಟು ತಗ್ಗಿತ್ತು. ನೋಡುತ್ತಿದ್ದಂತೆಯೇ, ನಿಧಾನವಾಗಿ... ಮೇಲೆದ್ದಿತು. ಇದು ನಡೆದದ್ದು.