ನಂದುದುವಿನ ಬಾಣಲೆ

ಬಾಗಿಲು ಹಾಕಿದ್ದೀರಾ...? ಸರಿ, ಹೇಳ್ತೀನಿ.

ಇದು ನನ್ನ ಸೋದರಮಾವನ ಮಗ ವಮಿಂಬಿಗೆ ಆದದ್ದು. ಎಂಬಾಲೆ ಊರಾಚೆ, ಗುಡ್ಡದ ಬುಡದಲ್ಲಿ ಅವನ ಬಾಡಿಗೆ ಮನೆ. ಬಾಡಿಗೆ ಬೈಕು ಓಡಿಸ್ತಿದ್ದ. ಹೆಂಡತಿ ಖೈಂಜಾ ಸೂಲಗಿತ್ತಿ ಕೋರ್ಸು ಓದ್ತಿದ್ದಳು. ಪಾಠವೆಲ್ಲ ರಾತ್ರಿ, ಲ್ಯಾಪ್‌ಟಾಪಿನಲ್ಲಿ. ವೈಫೈ ಮಾತ್ರ ದಿಬ್ಬದ ಮೇಲಿದ್ದ ಮನೆಯೊಡತಿಯದು. ಇವರ ಮನೆ ಮುಟ್ಟೋ ಹೊತ್ತಿಗೆ ಸತ್ತುಹೋಗ್ತಿತ್ತು. ಇನ್ನೊಂದು ಪಾಠ ತಪ್ಪಿದರೆ ಹೆಸರು ಹೊಡೆದುಹಾಕ್ತೀವಿ ಅಂತ ಕಾಲೇಜಿನವರು ಹೇಳಿಯಾಗಿತ್ತು.

ಹೊಸದೇನೂ ಕೊಳ್ಳೋ ಶಕ್ತಿ ಇಲ್ಲ. ಬಾಣಲೆಯ ನಡುವೆ ವೈಫೈ ಹಿಡಿಯೋ ಡಾಂಗಲ್ ಕಟ್ಟಿ, ಅದರ ಬಾಯಿ ದಿಬ್ಬದ ಕಡೆ ತಿರುಗಿಸಿದರೆ ಸಿಗ್ನಲ್ ಚೆನ್ನಾಗಿ ಸಿಗುತ್ತೆ ಅಂತ ಬೈಕ್ ಸ್ಟ್ಯಾಂಡಿನವರು ಹೇಳಿದ್ದರು.

ಒಂದು ದಿನ ಬೈಕು ಕೆಟ್ಟು, ಕತ್ತಲಲ್ಲಿ ಹಳೇ ಬಾವಿ ಪಕ್ಕ ನಡೆದು ಬರ್ತಿದ್ದ. ಸರಕ್... ಸರಕ್... ಮರಳು ಹಾಕಿ ಪಾತ್ರೆ ಉಜ್ಜೋ ಸದ್ದು. ಟಾರ್ಚ್ ಬಿಟ್ಟ. ಸದ್ದು ನಿಂತಿತು. ಯಾರೂ ಇಲ್ಲ. ಕಟ್ಟೆ ಮೇಲೆ ಒಂದು ಅಲ್ಯೂಮಿನಿಯಂ ಬಾಣಲೆ, ಒಂದು ಪಕ್ಕ ನೆಗ್ಗಿದ್ದು. ಮುಟ್ಟಿದ... ಬೆಚ್ಚಗಿತ್ತು.

ಆದರೂ ತಂದ. ತಗಡಿನ ಮಾಡಿನ ಮೇಲೆ ಕಟ್ಟಿದ. ಸಿಗ್ನಲ್ ತುಂಬಿ ಬಂತು.

"ಕಳಲೆ ಬೇಯಿಸೋ ಪಾತ್ರೆ ಮಾಡು ಹತ್ತಿತು," ಅಂದಳು ಖೈಂಜಾ. "ಇನ್ನು ನಿನಗೆ ಊಟಕ್ಕೂ ಪಾಠವೇ."

ಪಾಠ ನಡೀತಾ ಇದ್ದಂತೆ ಚಿತ್ರ ನಿಂತುಹೋಯಿತು. ವಮಿಂಬಿ ಮೇಲೆ ಹತ್ತಿ ನೋಡ್ತಾನೆ, ಬಾಣಲೆ ದಿಬ್ಬಕ್ಕೆ ಬೆನ್ನು ಹಾಕಿ ಕೆಳಗಿನ ಮನೆ ಕಡೆ ತಿರುಗಿದೆ. ಅದು ಮಗೋಮುವಿನ ಮನೆ. ಹೆಂಡತಿ ನಂದುದು ಯಾರ ಜೊತೆಗೋ ಓಡಿಹೋದಳು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗ್ತಿದ್ದವನು.

"ಗಾಳಿ ಇತ್ತಾ?" ಖೈಂಜಾ ಪಿಸುಗುಟ್ಟಿದಳು.

"ಎಲೆ ಸಹ ಅಲ್ಲಾಡ್ತಿಲ್ಲ."

ಮತ್ತೆ ದಿಬ್ಬದ ಕಡೆ ತಿರುಗಿಸಿ ಕಬ್ಬಿಣದ ತಂತಿ ಬಿಗಿದ. ಕಿರ್ರ್ರ್... ತಂತಿ ಪಟ್ಟಂತ ಹರಿಯಿತು. ಎರಡೂ ಕೈಯಲ್ಲಿ ಬಾಣಲೆ ಹಿಡಿದ. ಅದು ಅವನ ಕೈಯನ್ನೇ ತಿರುಚಿತು. ಲಟಕ್... ಹೆಬ್ಬೆರಳು ಮುರಿಯಿತು. ಮತ್ತೆ ಠಣ್ ಅಂತ ದವಡೆಗೆ ಬಿತ್ತು. ಬಾಯಿ ತುಂಬ ರಕ್ತ.

ಕೆಳಗೆ ಲ್ಯಾಪ್‌ಟಾಪಿನಲ್ಲಿ ಪಾಠ ಹೇಳೋ ಮೇಡಂ ಧ್ವನಿ ಇಲ್ಲ. ಒಬ್ಬ ಹೆಂಗಸು ಏದುಸಿರು ಬಿಡ್ತಿದ್ದಳು... ಆಮೇಲೆ ಮಗೋಮುವಿನ ಧ್ವನಿ.

"ಯಾರ ಜೊತೆ ಮಾತಾಡ್ತಿದ್ದೆ? ಹೇಳು."

ಠಣ್.

"ಹೇಳು."

ಠಣ್. ಠಣ್. ಏದುಸಿರು ನಿಂತಿತು. ಏಟು ನಿಲ್ಲಲಿಲ್ಲ.

ಖೈಂಜಾ ಲ್ಯಾಪ್‌ಟಾಪ್ ಮುಚ್ಚಿದಳು. ಧ್ವನಿ ಅಡಗಲಿಲ್ಲ. ಕೆಳಗಿನ ಮನೆವರೆಗೂ ಕೇಳಿಸಿರಬೇಕು. ಮಗೋಮು ಮಚ್ಚು ಹಿಡಿದು ಬಂದ.

"ಅದನ್ನ ಇಳಿಸು."

ವಮಿಂಬಿ ಅಷ್ಟರಲ್ಲಿ ಏಣಿ ಇಳಿದಿದ್ದ. "ಅಣ್ಣಾ, ಮೇಲೆ ಹೋಗಬೇಡ," ಅಂದ.

"ನನ್ನ ಮನೆ ಬಾಣಲೆ ಅದು. ಅವಳ ಜೊತೆಗೇ ಬಾವಿಗೆ ಹಾಕಿದ್ದೆ. ಮೇಲೆ ಹೇಗೆ ಬಂತು?"

ಹೇಳಿದ ಮೇಲೆ ತಾನೇನು ಹೇಳಿದೆ ಅಂತ ಅವನಿಗೆ ಹೊಳೆಯಿತು. ಇವರಿಬ್ಬರನ್ನೂ ನೋಡಿದ, ಮಚ್ಚನ್ನೂ ನೋಡಿದ. ಮೊದಲು ಬಾಣಲೆ, ಆಮೇಲೆ ಇವರು ಅಂದುಕೊಂಡನೋ ಏನೋ, ಏಣಿ ಹತ್ತಿದ.

ಮಚ್ಚು ತಗಡಿಗೆ ಬಡಿದ ಸದ್ದು ಒಂದೇ ಸಲ. ಆಮೇಲೆ ಠಣ್... ಠಣ್... "ನಂದುದು, ಸಾಕು," ಅಂತ ಅಳೋ ಧ್ವನಿ. ಮೂಳೆ ಪುಡಿಯಾಗೋದು ಒಣ ತೆಂಗಿನಕಾಯಿ ಒಡೆದ ಹಾಗೆ ಕೇಳಿಸಿತಂತೆ. ಅವನು ಸುಮ್ಮನಾದ ಮೇಲೂ ಬಹಳ ಹೊತ್ತು ಬಡಿಯಿತು. ಸೂರಿನಿಂದ ರಕ್ತ ತೊಟ್... ತೊಟ್...

ಬೆಳಿಗ್ಗೆ ಪೊಲೀಸರು ಬಂದರು. ಮಗೋಮುವಿಗೆ ಮುಖವೇ ಇರಲಿಲ್ಲ. ಬಾವಿಯಲ್ಲಿ ನಂದುದು ಸಿಕ್ಕಳು, ಸೊಂಟಕ್ಕೆ ಬೀಸುಕಲ್ಲು ಕಟ್ಟಿತ್ತು. ಖೈಂಜಾಳ ಜೊತೆ ಓದುತ್ತಿದ್ದವರೆಲ್ಲ ಆ ಧ್ವನಿ ಕೇಳಿದ್ದರು. ಮೇಡಮ್ಮೇ ಸಾಕ್ಷಿ ಹೇಳಿದರು.

ವಮಿಂಬಿಯ ಹೆಬ್ಬೆರಳು ಇವತ್ತಿಗೂ ಮಡಚಲ್ಲ, ನಾನೇ ಹಿಡಿದು ನೋಡಿದ್ದೀನಿ. ಸುಳ್ಳು ಅನ್ನೋರು ಹೋಗಿ ಮನೆಯೊಡತಿಯನ್ನ ಕೇಳಲಿ. ಅವಳು ಅವತ್ತು ಬೆಳಿಗ್ಗೆಯೇ ತಂಗಿ ಮನೆಗೆ ಹೋಗಿದ್ದಳು. ಹೋಗುವಾಗ ವೈಫೈ ಡಬ್ಬಿಯನ್ನ ಬಿಚ್ಚಿ ತನ್ನ ಚೀಲದಲ್ಲೇ ಹಾಕಿಕೊಂಡು ಹೋಗಿದ್ದಳು.