ಬರೀ ನೋಡೋಕೂ ಲೈಸೆನ್ಸ್

ಅಮೆರಿಕದ ನಾರ್‌ಕ್ರಾಸ್‌ನ ಇಂಡಿಯನ್ ದಿನಸಿ ಅಂಗಡಿಯಲ್ಲಿ ಬಿಲ್ಲಿಗೆ ನಿಂತಿದ್ದೆ. ಮುಂದೆ ಇಬ್ಬರು ಹೆಂಗಸರು. ಅವರಲ್ಲಿ ವಯಸ್ಸಾದವರೊಬ್ಬರು ಸೆರಗನ್ನು ಕೆನ್ನೆಗೆ ಒತ್ತಿಕೊಂಡಿದ್ದರು.

"ಒಂದು ಸಲ ನೋಡು ಶ್ರೀಲತಾ. ಮೈಸೂರಲ್ಲಿ ಒಂಬತ್ತು ವರ್ಷ ಹಲ್ಲಿನ ಕ್ಲಿನಿಕ್ ನಡೆಸಿದವಳು ನೀನು."

"ಇಲ್ಲಿ ನಾನು ಡೆಂಟಿಸ್ಟ್ ಅಲ್ಲ ಆಂಟಿ. ಬೋರ್ಡ್ ಎಕ್ಸಾಮ್ ಪಾಸಾಗಿದೆ ಅಷ್ಟೆ. ಇಲ್ಲಿನ ಕಾಲೇಜಲ್ಲಿ ಮತ್ತೆ ಓದಿದ ಮೇಲೇನೇ ಲೈಸೆನ್ಸ್. ಶುಕ್ರವಾರ ಸೀಟಿಗೆ ಇಂಟರ್‌ವ್ಯೂ ಇದೆ."

"ಬರೀ ನೋಡೋಕೂ ಲೈಸೆನ್ಸ್ ಬೇಕಾ?"

"ಯಾರಾದ್ರೂ ಕಂಪ್ಲೇಂಟ್ ಮಾಡಿದ್ರೆ ಎಲ್ಲಾ ಮುಗೀತು. ಭಯ ಆಗುತ್ತೆ."

ಹಾಗೆಂದವಳು ತಿರುಗಿ ನನ್ನ ಮುಖ ನೋಡಿದಳು. ನಾನು ಫೋನ್ ನೋಡತೊಡಗಿದೆ.

"ನಂಗೂ ಭಯಾನೇ ಕಣಮ್ಮ. ಬೆಳಿಗ್ಗೆಯಿಂದ ಎಂಜಲೂ ನುಂಗೋಕಾಗ್ತಿಲ್ಲ."

ಶ್ರೀಲತಾ ಸೆರಗು ಸರಿಸಿದಳು.

"ಊತ ಕತ್ತಿಗೆ ಯಾವಾಗ ಇಳೀತು?"

"ನಿನ್ನೆಯಿಂದ."

"ಸಾಮಾನು ಇಲ್ಲೇ ಬಿಡಿ. ಈಗ್ಲೇ ಎಮರ್ಜೆನ್ಸಿಗೆ ಹೋಗ್ಬೇಕು. ಹೀಗೇ ಬಿಟ್ರೆ ಉಸಿರು ಕಟ್ಟುತ್ತೆ."

"ನೀನೂ ಒಳಗೆ ಬರ್ತೀಯಲ್ಲ?"

"ಬರ್ತೀನಿ. ನನ್ನ ಮಾತ್ರ ಡಾಕ್ಟರ್ ಅನ್ಬೇಡಿ."

"ಮತ್ತೇನನ್ಲಿ?"

"ಪಕ್ಕದ ಮನೆಯವಳು, ಡ್ರೈವ್ ಮಾಡೋಕೆ ಬಂದಿದಾಳೆ ಅನ್ನಿ."

ಬಾಗಿಲು ದಾಟುವಾಗಲೂ ಅವಳ ಬೆರಳುಗಳು ಆಂಟಿಯ ನಾಡಿ ಹಿಡಿದೇ ಇದ್ದವು.