ಉಪ್ಪು ಬೀಳಬಾರದ ಹಿಟ್ಟು

ದೀಪ ಸಣ್ಣದು ಮಾಡಿ. ನಡುವೆ ಯಾರೂ ಬಾಯಿ ಹಾಕಬಾರದು. ಇದು ನಮ್ಮ ಹಿಂದಿನ ಬೀದಿಯ ವಾನಿಸನಿಗೆ ಆದದ್ದು. ಯಾರೋ ಯಾರಿಗೋ ಹೇಳಿ, ಬಾಯಿಂದ ಬಾಯಿಗೆ ಬೆಳೆದ ಕತೆಯಲ್ಲ.

ಕಿಯಾಹ್ಕ್ ತಿಂಗಳ ಚಳಿ. ಶನಿವಾರ ರಾತ್ರಿ. ನೈಲ್ ಕಡೆಯಿಂದ ಎದ್ದ ಮಂಜು ಕಬ್ಬಿನ ಗದ್ದೆಗಳ ಮೇಲೆ ಮಲಗಿತ್ತು. ವಾನಿಸ್ ಖಾಲಿ ಮನೆಗೆ ಬೀಗ ಹಾಕಿ ಚರ್ಚಿನ ಕಡೆ ಹೊರಟ. ದಾರಿಯಲ್ಲಿ ಹಳೆಯ ರಾಟೆಬಾವಿ. ಅದರ ಮೇಲೆ ಬಾಗಿದ ಅತ್ತಿಮರ. ರಾಟೆ ತಿರುಗಿ ವರ್ಷಗಳೇ ಆಗಿದ್ದವು. ಆದರೂ ಅದರ ಮರ ಚಳಿಗೆ ಬಿಗಿದು ನರಳುತ್ತಿತ್ತು. ಕಿರ್‍ರ್... ನಿಂತಿತು. ಮತ್ತೆ, ಕಿರ್‍ರ್...

ಬಾವಿಕಟ್ಟೆಯ ಪಕ್ಕ ಊರ ಕಾವಲುಗಾರ ಶಹಾತಾ ಬೆಂಕಿ ಹಾಕಿಕೊಂಡು ಕುಳಿತಿದ್ದ. ಬಂದೂಕು ತೊಡೆಯ ಮೇಲೆ.

“ಚಹಾ ಕುಡೀತೀಯಾ?” ಎಂದು ಪಿಸುಗುಟ್ಟಿದ. ಆ ಬಾವಿಯ ಬಳಿ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ.

“ಬೇಡ. ಉಪವಾಸ.”

“ನಿಮ್ಮೋರ ಉಪವಾಸ ಮುಗಿಯೋದು ಯಾವತ್ತಪ್ಪಾ? ನಿಮ್ಮ ಬೀದಿ ಕೋಳಿಗಳಷ್ಟು ಪುಣ್ಯವಂತ ಕೋಳಿಗಳು ಈ ಸೀಮೇಲೇ ಇಲ್ಲ.”

ವಾನಿಸ್ ನಗಲಿಲ್ಲ. ಶಹಾತಾ ಕೆಂಡ ಕೆದಕಿದ.

“ಇಸ್ತೀರ್ ಹೋದಮೇಲೆ ನಿನ್ನ ದನೀನೇ ಇಲ್ಲ ಮಾರಾಯ. ಮುಂಚೆ ಗಂಡ ಹೆಂಡ್ತಿ ಪ್ರಾರ್ಥನೆ ಇಲ್ಲೀತನಕ ಕೇಳ್ತಿತ್ತು. ನನಗೂ ಜೊತೆ ಇದ್ದಂಗಿರ್ತಿತ್ತು. ಈಗ ಬರೀ ನರಿ.”

“ಹ್ಞೂಂ.”

“ಒಂದ್ಮಾತು... ಕಾಲುವೆಯವಳು ಮತ್ತೆ ಓಡಾಡ್ತಿದಾಳಂತೆ. ಹೆಸರು ಹಿಡಿದು ಕೂಗ್ತಾಳೆ. ಓಗೊಟ್ಟೆಯೋ, ಮುಗೀತು. ಒಂಟಿ ಗಂಡಸರೇ ಬೇಕು ಅವಳಿಗೆ.”

“ನನ್ನನ್ನ ಕೂಗಿ ಕರೆಯೋರು ಯಾರೂ ಉಳಿದಿಲ್ಲ ಬಿಡು,” ಎಂದು ವಾನಿಸ್ ನಡೆದುಬಿಟ್ಟ.

ಭಾನುವಾರದ ಬಲಿಪೂಜೆಗೆ ಬೇಕಾದ ಪವಿತ್ರ ರೊಟ್ಟಿ ಸುಡುವುದು ಅವನ ಕೆಲಸ. ಚರ್ಚಿನ ಹಿಂದೆ ಅದಕ್ಕೆಂದೇ ಒಂದು ಕೋಣೆಯಿದೆ. ಅದನ್ನು ಬೆತ್ಲೆಹೇಮ್ ಎನ್ನುತ್ತಾರೆ. ಅಲ್ಲಿಯ ಕಟ್ಟಳೆ ಬಿಗಿ. ಸುಡುವವನು ಉಪವಾಸವಿರಬೇಕು. ಲೋಕದ ಮಾತು ಒಂದೂ ಆಡಕೂಡದು. ಹಿಟ್ಟು ನಾದುವಷ್ಟು ಹೊತ್ತೂ ಕೀರ್ತನೆ ನಡೆಯುತ್ತಿರಬೇಕು. ಹಿಟ್ಟಿಗೆ ಉಪ್ಪು ಬೀಳಬಾರದು. ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ.

ಆದ್ದರಿಂದ ಇಸ್ತೀರ್ ಹೊರಗೇ, ಕಿಟಕಿಯ ಕೆಳಗೆ, ಖರ್ಜೂರದ ಮರದ ಪೆಟ್ಟಿಗೆಯ ಮೇಲೆ ಕುಳಿತುಕೊಳ್ಳುತ್ತಿದ್ದಳು. ಮದುವೆಯಾದ ವರ್ಷದಿಂದ ಹಾಗೆಯೇ. ಪ್ರತಿ ಚರಣದ ಮೊದಲರ್ಧ ಅವನದು, ಉಳಿದರ್ಧ ಅವಳದು. ಅವನು ತೂಕಡಿಸಿದರೆ ತಾಮ್ರದ ಬಳೆಯನ್ನು ಕಿಟಕಿಯ ಕಲ್ಲಿಗೆ ತಟ್ಟುವಳು. ಟಿಣ್... ಟಿಣ್.

ಅವಳನ್ನು ಮಣ್ಣು ಮಾಡಿದ ಮೇಲಿನ ಮೊದಲ ಶನಿವಾರ, ವಾನಿಸ್ ಕೀರ್ತನೆಗೆ ಬಾಯಿ ತೆರೆದ. ಮೊದಲ ಮಾತಿಗೇ ಕಣ್ಣೀರು ಹಿಟ್ಟಿಗೆ ಬಿತ್ತು. ಪಾದ್ರಿ ಅಬೂನಾ ಬಿಸಾದಾ ಬಾಗಿಲಲ್ಲೇ ನಿಂತಿದ್ದರು.

“ಕಣ್ಣೀರಲ್ಲಿ ಉಪ್ಪಿದೆ, ವಾನಿಸ್. ಆ ಹಿಟ್ಟು ಹೊಲಕ್ಕೆ ಹಾಕು. ಹೊರಗೆ ಹೋಗಿ ಅತ್ತು ಬಾ. ಆಮೇಲೆ ಹೊಸದು ಕಲಸು.”

ತಪ್ಪು ಹೇಳಲಿಲ್ಲ ಅವರು. ಕಟ್ಟಳೆ ಕಟ್ಟಳೆಯೇ. ಆದರೆ ಅಂದಿನಿಂದ ವಾನಿಸ್ ಬಾಯಿ ಮುಚ್ಚಿದ. ಬಾಯಿ ತೆರೆದರೆ ಕಣ್ಣು ತುಂಬುತ್ತಿತ್ತು. ಮುಚ್ಚಿದರೆ ರೊಟ್ಟಿಯಾದರೂ ಆಗುತ್ತಿತ್ತು. ಕೀರ್ತನೆಯಿಲ್ಲದ ಮೂಕ ರೊಟ್ಟಿ. ಅದನ್ನೇ ಊರವರು ಕಣ್ಣಿಗೊತ್ತಿಕೊಂಡು ತಿಂದರು. ಅವನಿಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವಳ ನಲವತ್ತನೆಯ ದಿನದ ಪ್ರಾರ್ಥನೆಯೂ ಮುಗಿದಿತ್ತು. ಬಾವಿ ದಾಟಿ ಬಂದ ಆ ಶನಿವಾರ ರಾತ್ರಿ ಚರ್ಚಿನ ಗೇಟಿನಲ್ಲಿ ಅಬೂನಾ ಎದುರಾದರು.

“ಬೆಳಿಗ್ಗೆ ಬೀಗದ ಕೈ ಕೊಟ್ಟುಬಿಡ್ತೀನಿ ಅಬೂನಾ. ಇನ್ಮೇಲೆ ನಾನು ಈ ಕಡೆ ಬರೋದಿಲ್ಲ.”

“ರೊಟ್ಟಿ ಸುಡೋಕಾ, ಪ್ರಾರ್ಥನೆಗಾ?”

“ಎರಡಕ್ಕೂ.”

ಅಬೂನಾ ಅವನ ಮುಖವನ್ನು ದಿಟ್ಟಿಸಿದರು. “ಬೆಳಿಗ್ಗೆ ಮಾತಾಡೋಣ. ಈಗ ಒಳಗೆ ಹೋಗು.”

ಹೋದ. ಒಲೆ ಹೊತ್ತಿಸಿದ. ಹಿಟ್ಟು ಜರಡಿ ಹಿಡಿದ. ಸರ್... ಸರ್... ನೀರು ಬೆರೆಸಿದ. ತುಟಿ ಬಿಗಿಹಿಡಿದು ನಾದತೊಡಗಿದ. ಥಪ್... ಥಪ್...

ಹೊರಗೆ ಪೆಟ್ಟಿಗೆ ಕಿರುಗುಟ್ಟಿತು.

ಕೈ ನಿಂತಿತು. ಕಿವಿಗೊಟ್ಟ. ಯಾರೋ ಮೈಭಾರ ಬಿಟ್ಟು ಕುಳಿತ ಸದ್ದು... ಆಮೇಲೆ ಏನೂ ಇಲ್ಲ. ಒಲೆಯಲ್ಲಿ ಕಟ್ಟಿಗೆ ಚಿಟಿಲ್ ಎಂದಿತು.

ಟಿಣ್... ಟಿಣ್.

ಆ ಬಳೆ ಮಣ್ಣಿನೊಳಗಿತ್ತು. ಕೊನೆಗೆ ಕೈ ಬಾತುಕೊಂಡಿದ್ದರಿಂದ ಬಳೆ ತೆಗೆಯಲಾಗಿರಲಿಲ್ಲ. ಹಾಗೆಯೇ ಮಲಗಿಸಿದ್ದರು. ಅವನೇ ಕಣ್ಣಾರೆ ಕಂಡಿದ್ದ.

ಕಾಲುವೆಯವಳೇ, ಎಂದುಕೊಂಡ. ಈಗ ಹೆಸರು ಕೂಗುತ್ತಾಳೆ... ಈಗ... ಕಾದ. ಯಾರೂ ಕೂಗಲಿಲ್ಲ. ಇಸ್ತೀರಳೂ ಎಂದೂ ಅವನ ಹೆಸರು ಹಿಡಿದು ಕರೆದವಳಲ್ಲ.

ಟಿಣ್... ಟಿಣ್.

ಯಾರದು ಎಂದು ಕೇಳುವಂತಿರಲಿಲ್ಲ. ಅದು ಲೋಕದ ಮಾತು. ಎದ್ದು ಹೋಗುವಂತಿರಲಿಲ್ಲ, ಹಿಟ್ಟು ಕೆಡುತ್ತಿತ್ತು. ಆ ಕೋಣೆಯಲ್ಲಿ ಅವನು ಆಡಬಹುದಾದದ್ದು ಒಂದೇ ಮಾತು.

ಆಡಿದ. ಕರ್ತನೇ ನನ್ನ ಕುರುಬ ಎನ್ನುವ ಕೀರ್ತನೆ, ಮೊದಲ ಚರಣ, ಮೊದಲರ್ಧ. ದನಿ ತುಕ್ಕು ಹಿಡಿದ ಬಾಗಿಲಂತೆ ತೆರೆಯಿತು. ಅರ್ಧಕ್ಕೆ ನಿಂತ.

ಒಂದು ಸಣ್ಣ ಕೆಮ್ಮು. ನಂತರ ಕಿಟಕಿಯಾಚೆಯಿಂದ ಉಳಿದರ್ಧ ಬಂತು. ಗೊಗ್ಗರು ದನಿ. ನಿಧಾನ. ಕೊನೆಯ ಅಕ್ಷರವನ್ನು ಎಳೆಯುವ ಅದೇ ರೂಢಿ.

ಕಣ್ಣು ತುಂಬಿ ಬಂತು. ಆದರೆ ಆ ಅರ್ಧ ಚರಣ ಅವನದಲ್ಲ. ಅಷ್ಟು ಹೊತ್ತು ಅವನಿಗೆ ಬಿಡುವು. ಗೋಡೆಯ ಕಡೆ ಮುಖ ತಿರುಗಿಸಿದ. ತೋಳಿಗೆ ಕಣ್ಣೊರೆಸಿಕೊಂಡ. ಹಿಟ್ಟಿಗೆ ಮರಳಿದ. ಮುಂದಿನ ಚರಣದ ಮೊದಲರ್ಧ ಹೇಳಿದ. ಉಳಿದರ್ಧ ಬಂತು. ಮತ್ತೆ ಗೋಡೆ, ಮತ್ತೆ ತೋಳು. ಆ ಬಿಡುವು ಉಸಿರಿಗೆಂದು ಇಷ್ಟು ವರ್ಷ ತಿಳಿದಿದ್ದ.

ಹಾಗೆ ರಾತ್ರಿ ಸರಿಯಿತು. ಹಿಟ್ಟಿಗೆ ಒಂದು ಹನಿಯೂ ಬೀಳಲಿಲ್ಲ. ಉಂಡೆ ತಟ್ಟಿದ, ಶಿಲುಬೆಯ ಮುದ್ರೆ ಒತ್ತಿದ, ಕಡ್ಡಿಯಿಂದ ಐದು ತೂತು ಚುಚ್ಚಿದ, ಒಲೆಗೆ ಹಾಕಿದ. ಯಾವಾಗಲೋ ಅವನ ಕಣ್ಣು ತುಂಬುವುದೂ ನಿಂತಿತ್ತು. ದನಿ ಮಾತ್ರ ನಡೆದಿತ್ತು. ಕಡೆಯ ಕೀರ್ತನೆಯ ಕಡೆಯ ಮಾತು ಕಿಟಕಿಯಾಚೆ ಮುಗಿಯಿತು. ಪೆಟ್ಟಿಗೆ ಕಿರುಗುಟ್ಟಿತು. ಹೆಜ್ಜೆ ಸಪ್ಪಳ ಕೇಳಿಸಲಿಲ್ಲ.

ನಸುಕಿನಲ್ಲಿ ಅಬೂನಾ ಬಂದರು. ಬಿಸಿ ರೊಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಅಂಗೈ ಚಾಚಿದರು.

“ಎಲ್ಲಿ, ಬೀಗದ ಕೈ?”

ವಾನಿಸ್ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. “ಇರಲಿ ಅಬೂನಾ. ಮುಂದಿನ ಶನಿವಾರ ಬೇಕಲ್ಲ.”

ಅಷ್ಟರಲ್ಲಿ ಶಹಾತಾ ಚಹಾದ ಲೋಟ ಹಿಡಿದು ಗೇಟಿನ ಬಳಿ ಬಂದ. “ರಾತ್ರಿ ಕೇಳ್ತಪ್ಪಾ! ಅಂತೂ ಬಾಯಿ ಬಂತು ನಿಮಗೆ.”

“ನಿಮಗೆ ಅಂದರೆ ಯಾರಿಗೆ?” ಎಂದರು ಅಬೂನಾ. “ಎಷ್ಟು ದನಿ ಕೇಳಿದೆ?”

ಶಹಾತಾ ಬಾಯಿ ತೆರೆದ. ವಾನಿಸನ ಮುಖ ನೋಡಿದ. ಲೋಟದ ಚಹಾವನ್ನು ನೆಲಕ್ಕೆ ಚೆಲ್ಲಿ ಹೊರಟುಹೋದ.

ಅಬೂನಾ ಕೋಣೆಯ ಹಿಂದಕ್ಕೆ ನಡೆದರು. ವಾನಿಸ್ ಹಿಂಬಾಲಿಸಿದ. ಮಂಜು ಇಳಿದು ಗೋಡೆ, ನೆಲ, ಕಟ್ಟಿಗೆಯ ರಾಶಿ ಎಲ್ಲವೂ ತೊಯ್ದು ಹನಿಯುತ್ತಿದ್ದವು. ಅಬೂನಾ ಬಗ್ಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

ಅಬೂನಾ ಸುಳ್ಳು ಹೇಳುವವರಲ್ಲ. ವಾನಿಸನಿಗೆ ಕತೆ ಕಟ್ಟಲು ಬಾರದು. ಇದು ನಡೆದದ್ದು; ನಗುವವರು ಹೊರಗೆ ಹೋಗಿ ನಗಲಿ. ಅಂದು ಬೆಳಿಗ್ಗೆ ಆ ಅಂಗಳದಲ್ಲಿ ಎಲ್ಲವೂ ಒದ್ದೆ... ಪೆಟ್ಟಿಗೆಯ ನಡುವೆ ಮಾತ್ರ, ಒಬ್ಬರು ಕೂರುವಷ್ಟು ಅಗಲ, ಒಣಗಿತ್ತು.